ಎಷ್ಟು ಎಲೆ ಹಾಕಲಿ?



ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ತಪ್ಪು ನನ್ನದೇ. ಲಿನಕ್ಸ್‌ನಲ್ಲಿ ಅಸೆಂಬ್ಲಿ ಕಲಿಯುತ್ತಿದ್ದ ದಿನಗಳು. ಎಕ್ಸ್‌ಎಂಎಂ0 ವೆಕ್ಟರ್ ರಿಜಿಸ್ಟರಿನಲ್ಲಿ 3.14 ಇಟ್ಟು ಪ್ರಿಂಟ್‌ಎಫ್ ಕರೆದೆ. ಪರದೆಯಲ್ಲಿ ಬಂದದ್ದು 0.000000. ಸಂಜೆಯವರೆಗೂ ಫಾರ್ಮ್ಯಾಟ್ ಸಾಲನ್ನೇ ತಿರುವಿ ತಿರುವಿ ನೋಡಿದೆ. ಕಳ್ಳ ಅಡಗಿದ್ದದ್ದು ಕರೆಯ ಹಿಂದಿನ ಸಾಲಿನಲ್ಲಿ. ಅರ್ಥ ತಿಳಿಯದೆ ನಕಲು ಮಾಡಿಕೊಂಡಿದ್ದ ಆ ಸಾಲು ಎಎಲ್ ರಿಜಿಸ್ಟರನ್ನು ಸೊನ್ನೆ ಮಾಡುತ್ತಿತ್ತು. ಸೊನ್ನೆಯನ್ನು 1 ಮಾಡಿದೆ, 3.140000 ಬಂತು.

ಪ್ರಿಂಟ್‌ಎಫ್‌ನಂಥ ಫಂಕ್ಷನ್‌ಗೆ ಎಷ್ಟು ಆರ್ಗ್ಯುಮೆಂಟ್ ಬರುತ್ತವೆ, ಯಾವ ಜಾತಿಯವು ಎಂಬುದು ಅದನ್ನು ಕಂಪೈಲ್ ಮಾಡುವಾಗ ಗೊತ್ತಿರುವುದಿಲ್ಲ. ಮದುವೆಮನೆಯ ಬಡಿಸುವವನ ಪಾಡು ಅದರದು. ಆದ್ದರಿಂದ ಒಳಗೆ ಕಾಲಿಟ್ಟ ಕೂಡಲೇ ಆರ್ಗ್ಯುಮೆಂಟ್ ಬಂದಿರಬಹುದಾದ ರಿಜಿಸ್ಟರುಗಳನ್ನೆಲ್ಲ ಸ್ಟ್ಯಾಕಿನ ಒಂದು ಜಾಗಕ್ಕೆ ಸುರಿದುಕೊಳ್ಳುತ್ತದೆ. 64 ಬಿಟ್ ಲಿನಕ್ಸ್ ಅನುಸರಿಸುವ ಸಿಸ್ಟಂ ವಿ ಕರಾರಿನಲ್ಲಿ ಪೂರ್ಣಾಂಕದ ರಿಜಿಸ್ಟರು 6, ತಲಾ 8 ಬೈಟ್. ವೆಕ್ಟರ್ ರಿಜಿಸ್ಟರು 8, ತಲಾ 16 ಬೈಟ್. ಒಟ್ಟು 176. ಪೂರ್ಣಾಂಕವನ್ನಷ್ಟೇ ಅಚ್ಚು ಹಾಕುವ ಕರೆಗೆ ವೆಕ್ಟರಿನ ಆ 128 ಬೈಟ್ ಸುರಿಯುವುದು ದಂಡ. ಅದಕ್ಕೇ ವೆಕ್ಟರ್ ರಿಜಿಸ್ಟರು ಎಷ್ಟು ಬಳಸಿದ್ದೇನೆಂದು ಕರೆಯುವವನು ಎಎಲ್‌ನಲ್ಲಿ ಮುಂಚೆಯೇ ಹೇಳಿರಬೇಕು: ಇಷ್ಟು ಎಲೆ ಹಾಕು. ಲೆಕ್ಕ ಖಚಿತವಾಗಿರಬೇಕಿಲ್ಲ, ಎಂಟರೊಳಗೆ ಒಂದೆರಡು ಹೆಚ್ಚು ಹೇಳಿದರೂ ನಡೆಯುತ್ತದೆ. ಕಡಿಮೆ ಹೇಳುವಂತಿಲ್ಲ. ಸೊನ್ನೆ ಎಂದರೆ ಎಲೆಯೇ ಬೀಳುವುದಿಲ್ಲ, ನನ್ನ 3.14 ಹಸಿದು ಹೋದದ್ದು ಹೀಗೆ. ಈಗಿನ ಜಿಸಿಸಿ ಕಂಪೈಲರ್ ಸೊನ್ನೆ ಹೌದೋ ಅಲ್ಲವೋ ಎಂದಷ್ಟೇ ನೋಡುತ್ತದೆ. ಹಳೆಯ ಜಿಸಿಸಿ ಎಎಲ್‌ನಿಂದಲೇ ಗುಣಿಸಿ ಎಲ್ಲಿಗೆ ನೆಗೆಯಬೇಕೆಂದು ತೀರ್ಮಾನಿಸುತ್ತಿತ್ತು. ಅಲ್ಲಿ ಕಸವಿದ್ದರೆ ನೆಗೆತ ಎಲ್ಲಿಗೋ!

ಬೇರೆಯವರ ಮನೆಯಲ್ಲಿ ಬೇರೆ ಪದ್ಧತಿ. ವಿಂಡೋಸ್‌ನಲ್ಲಿ ಇಂಥ ಕರೆಗೆ ರಿಜಿಸ್ಟರಿನಲ್ಲಿ ಹೋಗುವ ದಶಮಾಂಶ ಸಂಖ್ಯೆಯನ್ನು ಪೂರ್ಣಾಂಕದ ರಿಜಿಸ್ಟರಿನಲ್ಲೂ ವೆಕ್ಟರ್ ರಿಜಿಸ್ಟರಿನಲ್ಲೂ ಎರಡು ಪ್ರತಿ ಇಡುತ್ತಾರೆ. 128 ಬಿಟ್ ವೆಕ್ಟರಾದರೆ ಅದರ ವಿಳಾಸವನ್ನಷ್ಟೇ ಕಳಿಸುತ್ತಾರೆ. ಆಪಲ್ ತನ್ನ 64 ಬಿಟ್ ಆರ್ಮ್ ಯಂತ್ರಗಳಲ್ಲಿ ಹೆಸರಿಲ್ಲದ ಆರ್ಗ್ಯುಮೆಂಟುಗಳನ್ನೆಲ್ಲ ಸೀದಾ ಸ್ಟ್ಯಾಕಿಗೇ ಹಾಕಿಬಿಟ್ಟಿತು. ನನಗೆ ಇಷ್ಟವಾದದ್ದು ಇದೇ.

ಇನ್ನು ಅಗಲದ ಪ್ರಶ್ನೆ. ಎವಿಎಕ್ಸ್ ಬಂದು ವೆಕ್ಟರ್ ರಿಜಿಸ್ಟರು 256 ಬಿಟ್ಟಿಗೆ ಬೆಳೆಯಿತು, ಆಮೇಲೆ 512ಕ್ಕೆ. ಸುರಿಯುವ ಜಾಗದಲ್ಲಿ ಒಬ್ಬೊಬ್ಬರಿಗೆ 16 ಬೈಟ್ ಎಂದು ಆಗಲೇ ಬರೆದಾಗಿತ್ತು. ಅದನ್ನು ಅಗಲ ಮಾಡಿದರೆ, ಹಿಂದೆಯೇ ಕಂಪೈಲ್ ಆಗಿ ಕೂತಿರುವ ಲೈಬ್ರರಿಗಳ ಗತಿ? ಅವು ಹಳೆಯ ಅಳತೆಯಲ್ಲೇ ಕೈ ಹಾಕುತ್ತವೆ. ಕರಾರು ಬರೆದವರು ಜಾಣತನ ತೋರಿದರು: ಹೆಸರಿರುವ ಅಗಲ ವೆಕ್ಟರು ರಿಜಿಸ್ಟರಿನಲ್ಲಿ ಹೋಗಲಿ, ಹೆಸರಿಲ್ಲದೆ, ಅಂದರೆ ಘೋಷಣೆಯ ಕೊನೆಯ ಮೂರು ಚುಕ್ಕಿಯ ಕೆಳಗೆ ಬರುವುದು ಸ್ಟ್ಯಾಕಿನಲ್ಲೇ ಹೋಗಲಿ. ಆದರೆ ಮೂರು ಚುಕ್ಕಿ ಇದೆಯೆಂದು ಕರೆಯುವವನಿಗೆ ಗೊತ್ತಾಗಬೇಕಲ್ಲ? ಹಾಗಾಗಿ ಇಲ್ಲಿ ಪ್ರೊಟೊಟೈಪ್ ಕಡ್ಡಾಯ. ಅದಿಲ್ಲದಿದ್ದರೆ ಒಬ್ಬ ರಿಜಿಸ್ಟರಿನಲ್ಲಿಟ್ಟು ಹೋಗುತ್ತಾನೆ, ಇನ್ನೊಬ್ಬ ಸ್ಟ್ಯಾಕಿನಲ್ಲಿ ತಡಕಾಡುತ್ತಾನೆ.

ಪ್ರಿಂಟ್‌ಎಫ್‌ಗೆ ಅಗಲ ವೆಕ್ಟರನ್ನು ಯಾರಪ್ಪಾ ಕಳಿಸುತ್ತಾರೆ ಎಂದು ನೀವು ಕೇಳಬಹುದು. ಸಿ ಭಾಷೆಯ ಪ್ರಮಾಣಿತ ಪ್ರಿಂಟ್‌ಎಫ್‌ನಲ್ಲಿ ಅದಕ್ಕೆ ಸಂಕೇತವೇ ಇಲ್ಲ. ಆದರೂ ಮೂರು ಚುಕ್ಕಿ ಇಟ್ಟು ಸ್ವಂತ ಫಂಕ್ಷನ್ ಬರೆಯುವವರಿದ್ದಾರೆ, ಕಂಪೈಲರ್ ಅವರಿಗೂ ಉತ್ತರ ಕೊಡಬೇಕು. ಅಂಥ ಫಂಕ್ಷನ್‌ಗೆ ಪೂರ್ಣಾಂಕವೊಂದರ ಹಿಂದೆ ನಾಲ್ಕು 256 ಬಿಟ್ ವೆಕ್ಟರ್ ಕಳಿಸಿ ನೋಡಿ. ನಾಲ್ಕೂ ಸ್ಟ್ಯಾಕಿನಲ್ಲಿ ಕೂತಿರುತ್ತವೆ. ಎಎಲ್‌ನಲ್ಲಿ ಸೊನ್ನೆ ಇದ್ದರೂ ಕರಾರಿನ ಪ್ರಕಾರ ಅದು ಸರಿ.