ಎದೆನೋವು ಹೊಸದಾಗಿ ಕಂಡಾಗ: ಕೊಲೆಸ್ಟರಾಲ್ ಒಂದೇ ಅಳತೆಗೋಲಲ್ಲ
(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಏರು ದಾರಿಯಲ್ಲಿ ನಡೆದಾಗ, ಹೊರೆ ಹೊತ್ತಾಗ ಎದೆ ಹಿಂಡಿದಂತಾಗಿ, ನಿಂತು ಸುಧಾರಿಸಿಕೊಂಡರೆ ಕೆಲವು ನಿಮಿಷಗಳಲ್ಲಿ ಶಮನವಾಗುವ ನೋವಿಗೆ ಆಂಜೈನಾ ಎಂದು ಹೆಸರು. 1768ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ಇದನ್ನು ವಿವರಿಸಿದರು. ನಮ್ಮ ಗ್ರಾಮಗಳಲ್ಲಿ ಮಾತ್ರ ಇದು ಇಂದಿಗೂ ‘ಗ್ಯಾಸ್’. ಸೋಡಾ ಕುಡಿದು ಮಲಗುವುದೇ ಚಿಕಿತ್ಸೆ.

ರಕ್ತ ಪರೀಕ್ಷೆ ಮಾಡಿಸಿದವರದು ಇನ್ನೊಂದು ಬಗೆಯ ತಪ್ಪು. ಒಟ್ಟು ಕೊಲೆಸ್ಟರಾಲ್ 200ಕ್ಕಿಂತ ಕಡಿಮೆ ಎಂದೊಡನೆ ನಿಶ್ಚಿಂತರಾಗುತ್ತಾರೆ. ದಕ್ಷಿಣ ಏಷ್ಯಾದವರಲ್ಲಿ ರಕ್ಷಕವೆನಿಸಿದ ಎಚ್‌ಡಿಎಲ್ ಕಡಿಮೆಯಿದ್ದು ಟ್ರೈಗ್ಲಿಸರೈಡ್ ಹೆಚ್ಚಿರುವುದು ಸಾಮಾನ್ಯ. ಒಟ್ಟು ಅಂಕಿ ಇದನ್ನು ಮರೆಮಾಚುತ್ತದೆ.

ನೀರಿನ ಪೈಪಿನಲ್ಲಿ ಸುಣ್ಣ ಕಟ್ಟಿದಂತೆ ಎಂಬ ಹೋಲಿಕೆಯೂ ಅರ್ಧ ಮಾತ್ರ ನಿಜ. ಪೈಪಿನ ಸುಣ್ಣ ಬಿರಿದರೆ ನೀರು ಹೆಪ್ಪುಗಟ್ಟುವುದಿಲ್ಲ. ರಕ್ತನಾಳದೊಳಗಿನ ಕೊಬ್ಬಿನ ಗಡ್ಡೆ ಬಿರಿದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ನಿಮಿಷಗಳಲ್ಲಿ ಹಾದಿ ಮುಚ್ಚಬಹುದು. ಹೊಸದಾಗಿ ಕಾಣಿಸಿಕೊಂಡು ದಿನೇ ದಿನೇ ಹೆಚ್ಚುವ, ಕುಳಿತಲ್ಲಿಯೇ ಬರುವ ನೋವು ವರ್ಷಗಳಿಂದ ಒಂದೇ ರೀತಿಯಲ್ಲಿರುವ ನೋವಿಗಿಂತ ಅಪಾಯಕಾರಿಯಾಗಿರುವುದು ಈ ಕಾರಣದಿಂದಲೇ.

ಆದ್ದರಿಂದ ರೋಗಿಯ ಮುಂದಿನ ಗತಿಯನ್ನು ಅಂದಾಜಿಸುವಾಗ ವೈದ್ಯರು ಕೊಬ್ಬಿನ ಅಂಕಿಯ ಜೊತೆಗೆ ವಯಸ್ಸು, ಮಧುಮೇಹ, ರಕ್ತದೊತ್ತಡ, ಮೂತ್ರಪಿಂಡದ ಸ್ಥಿತಿ, ಇಸಿಜಿಯಲ್ಲಿನ ಬದಲಾವಣೆ, ಎಕೋದಲ್ಲಿ ಕಾಣುವ ಹೃದಯದ ಪಂಪಿನ ಬಲ ಇವೆಲ್ಲವನ್ನೂ ನೋಡುತ್ತಾರೆ. ಧೂಮಪಾನವನ್ನಂತೂ ಮೊದಲು ಕೇಳುತ್ತಾರೆ. ಮೊದಲ ಹೃದಯಾಘಾತಕ್ಕೆ ಒಳಗಾದವರ ಬಗ್ಗೆ ಬೆಂಗಳೂರಿನಲ್ಲಿ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಲ್ಲಕ್ಕಿಂತ ಮುಂದೆ ನಿಂತದ್ದು ಧೂಮಪಾನ. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಆಘಾತ 53ರ ಆಸುಪಾಸಿನಲ್ಲಿ, ಉಳಿದವರಿಗೆ 59ರಲ್ಲಿ. ಆರು ವರ್ಷ ಮೊದಲೇ ಎಂದರೆ, ಮಗಳ ಮದುವೆಯೋ ಬೋರ್‌ವೆಲ್ ಸಾಲವೋ ಇನ್ನೂ ಬಾಕಿಯಿರುವ ವಯಸ್ಸು. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಾಟ 2003ರ ಕಾಯ್ದೆಯಡಿ ನಿಷಿದ್ಧವೆಂಬುದನ್ನು ಸದಸ್ಯರು ಬಲ್ಲರು. ತಮ್ಮ ವಾರ್ಡಿನಲ್ಲಿ ಆ ಅಂತರವನ್ನು ಅಳೆದು ನೋಡಿದವರು ವಿರಳ.

ಆಂಜೈನಾ ಖಚಿತವಾದ ಬಳಿಕ ವೈದ್ಯರು ಸಾಮಾನ್ಯವಾಗಿ ಎಲ್‌ಡಿಎಲ್ 70ಕ್ಕಿಂತ ಕೆಳಗಿರಬೇಕೆಂದು ಸ್ಟ್ಯಾಟಿನ್ ಮಾತ್ರೆ ಕೊಡುತ್ತಾರೆ. ಅಂಕಿ ಇಳಿಯಿತೆಂದು ಅನೇಕರು ಅದನ್ನು ಬಿಟ್ಟುಬಿಡುತ್ತಾರೆ. ಇಳಿದದ್ದು ಮಾತ್ರೆಯಿಂದಲೇ. ಮುಂದಿನ ಗ್ರಾಮ ಸಭೆಯಲ್ಲಿ ಆಶಾ ಕಾರ್ಯಕರ್ತೆಯರ ಮೂಲಕ ಈ ಒಂದು ಮಾತನ್ನಾದರೂ ತಿಳಿಸಬೇಕು.

ಹೊಸ ಎದೆನೋವಿನವರು ತಡಮಾಡದೆ ಇಸಿಜಿ ಮಾಡಿಸಿಕೊಳ್ಳಬೇಕು. ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಸೌಲಭ್ಯ ಉಚಿತ. ವಿಶ್ರಾಂತಿ ಪಡೆದರೂ ನೋವು ನಿಲ್ಲದಿದ್ದರೆ ಬೈಕಿನ ಹಿಂದೆ ಕೂರಿಸಿಕೊಂಡು ಹೊರಡದೆ 108ಕ್ಕೆ ಕರೆ ಮಾಡಬೇಕು.