ಮೆರೆದವನಿಗೆ ಮನ್ನಣೆ ಸಲ್ಲಬೇಕೇ?



ಸಾಹಿತ್ಯ ಸಂಗೀತಗಳಿಗೆ ಮೀಸಲಾದಂತಿರುವ ಈ ವೇದಿಕೆಯಲ್ಲಿ ಮುಷ್ಟಿಕಾಳಗದ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ನಾನು ಎತ್ತಿಕೊಂಡಿರುವುದು ನಾವು ನೆಲೆಸಿರುವ ಈ ಇಂಗ್ಲೆಂಡಿನಲ್ಲಿಯೇ, ನಮ್ಮಂತೆ ಹೊರನಾಡಿನಿಂದ ಬಂದ ಕುಟುಂಬವೊಂದರಲ್ಲಿ ಹುಟ್ಟಿ ಬೆಳೆದ ಒಬ್ಬ ಬಾಕ್ಸರನ ವಿಷಯ. 'ಪ್ರಿನ್ಸ್' ಎಂದೇ ಹೆಸರಾದ ನಸೀಮ್ ಹಮೀದ್ 1974ರಲ್ಲಿ ಶೆಫೀಲ್ಡಿನಲ್ಲಿ ಯೆಮೆನ್ ಮೂಲದ ತಂದೆತಾಯಿಗಳಿಗೆ ಜನಿಸಿದವನು. 2015ರಲ್ಲಿ ಅವನನ್ನು ನ್ಯೂಯಾರ್ಕ್ ರಾಜ್ಯದ ಕ್ಯಾನಸ್ಟೋಟ ಎಂಬ ಸಣ್ಣ ಊರಿನಲ್ಲಿರುವ ಅಂತಾರಾಷ್ಟ್ರೀಯ ಬಾಕ್ಸಿಂಗ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಳ್ಳಲಾಯಿತು. ಆ ಕೀರ್ತಿಮಂದಿರಕ್ಕೆ ಅವನು ಅರ್ಹನೇ ಎಂಬ ವಾದ ಮಾತ್ರ ಅಲ್ಲಿಗೆ ಮುಗಿಯಲಿಲ್ಲ.

ಅವನ ಮೇಲಿನ ಮೊದಲ ಆಕ್ಷೇಪ ಅವನ ಆಡಂಬರ. ಚಿರತೆಯ ಚರ್ಮದ ಚಿತ್ತಾರದ ಚಡ್ಡಿ ತೊಟ್ಟು, ಹಗ್ಗದ ಮೇಲಿಂದ ಲಾಗ ಹಾಕಿ ಕಣಕ್ಕೆ ಧುಮುಕುತ್ತಿದ್ದ. 2000ದಲ್ಲಿ ಲಂಡನ್ನಿನಲ್ಲಿ ವುಯಾನಿ ಬುಂಗುವನ್ನು ಎದುರಿಸಲು ಬಂದದ್ದು 'ಹಾರುವ ಚಾಪೆ'ಯ ಮೇಲೆ ಕುಳಿತು! ಎದುರಾಳಿಯನ್ನು ಇಂತಿಷ್ಟನೆಯ ಸುತ್ತಿನಲ್ಲಿ ಕೆಡಹುವೆನೆಂದು ಮುಂಚಿತವಾಗಿಯೇ ಸಾರುತ್ತಿದ್ದ. ಕಣದೊಳಗೆ ಕೈಗಳನ್ನು ಸೊಂಟದ ಬಳಿ ಇಳಿಬಿಟ್ಟು, ಮುಖವೊಡ್ಡಿ, ನಕ್ಕು, ಕುಣಿದು ಅಣಕಿಸುತ್ತಿದ್ದ. ವಿದ್ಯೆಗೆ ವಿನಯವೇ ಭೂಷಣವೆಂದು ಕೇಳಿ ಬೆಳೆದ ನಮಗೆ ಇದು ರುಚಿಸುವುದು ಕಷ್ಟ. ನನಗೂ ಮೊದಮೊದಲು ರುಚಿಸಲಿಲ್ಲ.

ಆದರೆ 'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆಯನ್ನು ಇವನಿಗೆ ಅನ್ವಯಿಸಲಾಗದು. ರಥದಿಂದಿಳಿದು ಓಡಿದವನು ಉತ್ತರಕುಮಾರ. ಇವನಾದರೋ 37 ಸ್ಪರ್ಧೆಗಳಲ್ಲಿ 36ನ್ನು ಗೆದ್ದು, ಅವುಗಳಲ್ಲಿ 31ನ್ನು ಪೂರ್ಣ ಸುತ್ತುಗಳು ಮುಗಿಯುವ ಮುನ್ನವೇ ಮುಗಿಸಿದವನು. ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಅವನ ಗುರು ಬ್ರೆಂಡನ್ ಇಂಗಲ್ ಡಬ್ಲಿನ್ನಿನಿಂದ ಶೆಫೀಲ್ಡಿಗೆ ವಲಸೆ ಬಂದು ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರು. ಶಾಲೆಯ ಅಂಗಳದಲ್ಲಿ ಮೂವರು ಹುಡುಗರು ಒಬ್ಬ ಪುಟ್ಟ ಬಾಲಕನ ಮೇಲೆ ಬಿದ್ದಿದ್ದನ್ನೂ, ಆ ಬಾಲಕ ಮೂವರನ್ನೂ ತಪ್ಪಿಸಿಕೊಳ್ಳುತ್ತಾ ತಿರುಗಿ ಹೊಡೆಯುತ್ತಿದ್ದುದನ್ನೂ ತಾವು ಬಸ್ಸಿನಿಂದ ಕಂಡುದಾಗಿ ಅವರು ಹೇಳುತ್ತಿದ್ದರು. ಏಳನೆಯ ವಯಸ್ಸಿಗೆ ಆ ಬಾಲಕ ಅವರ ಗರಡಿ ಸೇರಿದ. ಅಲ್ಲಿ ನೆಲದ ಮೇಲೆ ಬಣ್ಣದ ಗೆರೆಗಳನ್ನೆಳೆದು, ಅವುಗಳ ಮೇಲೆ ಹೆಜ್ಜೆಯಿಡುವುದನ್ನೇ ವರ್ಷಗಟ್ಟಲೆ ಕಲಿಸುತ್ತಿದ್ದರು. ನಾವು ಕುಣಿತವೆಂದು ಕಂಡದ್ದರ ಹಿಂದೆ ಇಂಥ ಸಾಧನೆಯಿತ್ತು. ಆ ಮೆರೆತದಲ್ಲಿ ಶಾಲೆಯಂಗಳದ ಆ ಮೂವರಿಗೆ ಕೊಟ್ಟ ಉತ್ತರವೂ ಇತ್ತೇ? ಇಲ್ಲಿ ಮಕ್ಕಳನ್ನು ಬೆಳೆಸಿರುವ ನಮ್ಮಲ್ಲಿ ಹಲವರಿಗೆ ಈ ಪ್ರಶ್ನೆ ಅಪರಿಚಿತವಲ್ಲ.

ಇನ್ನು ಸಾಧನೆಯ ಲೆಕ್ಕ. ಬಾಕ್ಸಿಂಗಿನಲ್ಲಿ ನಾಲ್ಕು ಪ್ರಮುಖ ಸಂಸ್ಥೆಗಳು ನಾಲ್ಕು ಕಿರೀಟಗಳನ್ನು ಹಂಚುತ್ತವೆ. ಹಮೀದ್ 1995ರ ಸೆಪ್ಟೆಂಬರಿನಲ್ಲಿ ಕಾರ್ಡಿಫ್‌ನಲ್ಲಿ, ಸ್ಟೀವ್ ರಾಬಿನ್‌ಸನ್ನನ್ನು ಅವನ ತವರಿನಲ್ಲಿಯೇ ಎಂಟನೆಯ ಸುತ್ತಿನಲ್ಲಿ ಮಣಿಸಿ, ಸುಮಾರು 57 ಕಿಲೋ ತೂಕದ ಫೆದರ್‌ವೇಟ್ ವರ್ಗದ ಒಂದು ಕಿರೀಟವನ್ನು ಪಡೆದ. ಅದನ್ನು 15 ಬಾರಿ ಉಳಿಸಿಕೊಂಡ. ಈ ನಡುವೆ 1997ರಲ್ಲಿ ಟಾಮ್ ಜಾನ್‌ಸನ್, 1999ರಲ್ಲಿ ಸೆಸಾರ್ ಸೋಟೊ ಎಂಬ ಬೇರೆ ಎರಡು ಸಂಸ್ಥೆಗಳ ಚಾಂಪಿಯನ್ನರನ್ನು ಸೋಲಿಸಿದ. ನಾಲ್ಕನೆಯ ಸಂಸ್ಥೆಯ ಕಿರೀಟ ಹೊತ್ತಿದ್ದ ವಿಲ್‌ಫ್ರೆಡೊ ವಾಸ್ಕೆಸ್‌ನನ್ನೂ 1998ರಲ್ಲಿ ಸೋಲಿಸಿದ. ಆ ಹೊತ್ತಿಗೆ ಅವನಿಂದ ಕಿರೀಟವನ್ನು ಕಿತ್ತುಕೊಳ್ಳಲಾಗಿತ್ತು. 1997ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ, ನ್ಯೂಯಾರ್ಕಿನವನೇ ಆದ ಕೆವಿನ್ ಕೆಲಿಯೊಡನೆ ನಡೆದ ಕಾಳಗವನ್ನು ನೋಡದವರು ಒಮ್ಮೆ ನೋಡಬೇಕು. ಹಮೀದ್ ಮೂರು ಬಾರಿ ನೆಲ ಮುಟ್ಟಿದ, ಮೂರು ಬಾರಿ ಎದ್ದ. ನಾಲ್ಕನೆಯ ಸುತ್ತಿನಲ್ಲಿ ಕೆಲಿ ಏಳಲಿಲ್ಲ. ಬರೀ ಬಡಾಯಿಗಾರ ಮೊದಲ ಸಲ ಬಿದ್ದಾಗಲೇ ಕುಸಿಯುತ್ತಾನೆ.

ಅವನ ವಿರುದ್ಧ ನಿಜವಾಗಿ ತೂಕವುಳ್ಳ ವಾದ ಬೇರೆಯದು. ಮೆಕ್ಸಿಕೋದ ಹ್ವಾನ್ ಮಾನ್ವೆಲ್ ಮಾರ್ಕೆಸ್ ದೀರ್ಘಕಾಲ ಅವನ ಅಧಿಕೃತ ಮೊದಲ ಸವಾಲುಗಾರನಾಗಿದ್ದರೂ ಆ ಕಾಳಗ ನಡೆಯಲೇ ಇಲ್ಲ. ಬಾಲ್ಯದಿಂದ ತಿದ್ದಿದ ಗುರುವಿನಿಂದ 1998ರಲ್ಲಿ ಬೇರೆಯಾದ. ನನ್ನ ದೃಷ್ಟಿಯಲ್ಲಿ ಅವನ ಇಳಿತ ಆರಂಭವಾದದ್ದು ಅಲ್ಲಿಂದಲೇ. 2001ರ ಏಪ್ರಿಲಿನಲ್ಲಿ ಲಾಸ್ ವೇಗಸ್‌ನಲ್ಲಿ ಮಾರ್ಕೊ ಆಂಟೋನಿಯೊ ಬರೇರ ತಾಳ್ಮೆಯ ಎಡಗೈ ಹೊಡೆತಗಳಿಂದ 12 ಸುತ್ತುಗಳ ಕಾಲ ಅವನಿಗೆ ಪಾಠ ಕಲಿಸಿದ. ಮೂವರು ತೀರ್ಪುಗಾರರೂ ಬರೇರನ ಪರ. ಮರುಸ್ಪರ್ಧೆಗೆ ಹಮೀದ್ ಇಳಿಯಲಿಲ್ಲ. 2002ರಲ್ಲಿ ಇನ್ನೊಂದೇ ಸ್ಪರ್ಧೆಯಾಡಿ, 28ನೆಯ ವಯಸ್ಸಿಗೇ ನಿವೃತ್ತನಾದ. ಸೋತಮೇಲೆ ಮತ್ತೆ ಕಟ್ಟಿ ನಿಲ್ಲುವುದು ದೊಡ್ಡ ಕ್ರೀಡಾಪಟುವಿನ ಲಕ್ಷಣವಾದರೆ, ಆ ಪುಟ ಅವನ ಪುಸ್ತಕದಲ್ಲಿ ಖಾಲಿಯಾಗಿದೆ. ಅವನ ಅಭಿಮಾನಿಗಳು ಇದಕ್ಕೆ ಕೊಡುವ ಸಮಾಧಾನಗಳು ನನ್ನನ್ನು ಒಪ್ಪಿಸಿಲ್ಲ.

2005ರಲ್ಲಿ ಅವನ ಅಪಾಯಕರ ಚಾಲನೆಯಿಂದ ಇನ್ನೊಬ್ಬರು ತೀವ್ರವಾಗಿ ಗಾಯಗೊಂಡರು. ಮರುವರ್ಷ 15 ತಿಂಗಳ ಸೆರೆವಾಸದ ಶಿಕ್ಷೆಯಾಯಿತು. ರಾಣಿಯವರ ಸರಕಾರ ಕೊಟ್ಟಿದ್ದ ಎಂ.ಬಿ.ಇ. ಗೌರವವನ್ನೂ ಹಿಂದಕ್ಕೆ ಪಡೆಯಲಾಯಿತು. ಅದು ಸರಿಯಾದ ಕ್ರಮವೆಂದೇ ನನ್ನ ಅಭಿಪ್ರಾಯ. ಆ ಪದಕ ನಾಗರಿಕನಿಗೆ ಸಂದದ್ದು. ಕ್ಯಾನಸ್ಟೋಟದ ಮನ್ನಣೆ ಕಣದೊಳಗಿನ ಕೆಲಸಕ್ಕೆ ಸಲ್ಲುವಂಥದು. ಅಲ್ಲಿ ಮತ ನೀಡುವವರು ಬಾಕ್ಸಿಂಗ್ ಬರಹಗಾರರು ಮತ್ತು ಇತಿಹಾಸಕಾರರು. ನನಗೆ ಮತವಿದ್ದಿದ್ದರೆ ಅವನಿಗೇ ಕೊಡುತ್ತಿದ್ದೆ, ಆದರೆ ಮೊದಲ ವರ್ಷವೇ ಕೊಡುತ್ತಿರಲಿಲ್ಲ. ನಿವೃತ್ತಿಯ ನಂತರ ಐದು ವರ್ಷ ಕಳೆದರೆ ಸಾಕೆಂಬುದು ಆಗಿನ ನಿಯಮ. ಅವನ ಆಯ್ಕೆ ಪ್ರಕಟವಾದದ್ದು 2014ರ ಡಿಸೆಂಬರಿನಲ್ಲಿ. ಮತದಾರರೂ ನನ್ನಂತೆಯೇ ಅಳೆದು ಸುರಿದು ನೋಡಿರಬೇಕು. ಬರೇರ 2017ರ ಸಾಲಿನಲ್ಲಿ, ಮಾರ್ಕೆಸ್ 2020ರ ಸಾಲಿನಲ್ಲಿ ಅದೇ ಗೌರವಕ್ಕೆ ಆಯ್ಕೆಯಾದರು. ಕಣದಲ್ಲಿ ಎಂದೂ ಎದುರಾಗದ ಹಮೀದ್ ಮತ್ತು ಮಾರ್ಕೆಸ್ ಇದೀಗ ಒಂದೇ ಸೂರಿನಡಿ ಇದ್ದಾರೆ.