ಐದಕ್ಷರದ ವ್ಯಾಜ್ಯ



ಕೆ.ಎಸ್.ಆರ್.ಟಿ.ಸಿ. ಎಂಬ ಐದಕ್ಷರಕ್ಕಾಗಿ ಎರಡು ಸರ್ಕಾರಿ ಸಾರಿಗೆ ಸಂಸ್ಥೆಗಳು ವರ್ಷಗಟ್ಟಲೆ ವ್ಯಾಜ್ಯವಾಡಿದ್ದನ್ನು ನಾವು ಓದಿದ್ದೇವೆ. ತಿರುವನಂತಪುರದಲ್ಲಿ 1938ರಲ್ಲಿ ಆರಂಭವಾದ ಸರ್ಕಾರಿ ಬಸ್ಸಿನ ಇಲಾಖೆಯು 1965ರಲ್ಲಿ ನಿಗಮವಾಗಿ ಆ ಹೆಸರು ತಳೆಯಿತು. ನಮ್ಮ ಮೈಸೂರು ರಾಜ್ಯವು 1973ರಲ್ಲಿ ಕರ್ನಾಟಕವಾದ ಮೇಲೆ ಅಲ್ಲಿಯ ನಿಗಮಕ್ಕೂ ಅದೇ ಹೆಸರಾಯಿತು. 2023ರ ಡಿಸೆಂಬರಿನಲ್ಲಿ ಮದರಾಸು ಹೈಕೋರ್ಟು ಕೇರಳದ ಆಕ್ಷೇಪವನ್ನು ತಳ್ಳಿಹಾಕಿತು; ಕರ್ನಾಟಕವೂ ಆ ಹೆಸರನ್ನು ಬಳಸಬಹುದೆಂದಾಯಿತು.

ಸಂತೋಷವೇ. ಆದರೆ ಬೆಳಿಗ್ಗೆ ಕೆಲಸಕ್ಕೆ ಹೊರಟು ಎರ್ನಾಕುಲಂ ನಿಲ್ದಾಣದಲ್ಲಿ ನಿಂತ ನಮ್ಮವನಿಗೆ ಮಲಯಾಳದ ಬೋರ್ಡು ಓದಲು ಬಾರದಿದ್ದರೆ ಬಸ್ಸು ತಪ್ಪುತ್ತದೆ. ಅದರೊಡನೆ ಅರ್ಧ ದಿನದ ಕೂಲಿಯೂ ಹೋಗುತ್ತದೆ. ಆ ನಷ್ಟವನ್ನು ಯಾವ ಕೋರ್ಟೂ ಕಟ್ಟಿಕೊಡದು. ಅನ್ನ ಕೊಟ್ಟ ನೆಲದ ಅಕ್ಷರ ಕಲಿತರೆ ನಮ್ಮ ಕನ್ನಡವೇನೂ ಸವೆಯದು. ವಾಚನಾಲಯದ ಮೇಜಿನ ಮೇಲೆ ಮಲಯಾಳದ ಪತ್ರಿಕೆಯೂ ಇದೆ. ದಿನಕ್ಕೆರಡು ಅಕ್ಷರದಂತೆ ಇಂದಿನಿಂದಲೇ ಕೂಡಿ ಕಲಿಯೋಣ.